ಈಶ್ವರಿ ಬಳ್ಳಿಗೆ ಕಟ್ಟಿದ ಚೀಲ

ನಮ್ಮ ಅತ್ತೆ ಕಾಂತಾಬಾಯಿಗೆ ಮನುಷ್ಯರಿಗಿಂತ ಕುರಿಗಳ ತಿಳುವಳಿಕೆಯ ಮೇಲೆ ಹೆಚ್ಚು ನಂಬಿಕೆ. ಕುರಿ ಮುಟ್ಟದ ಸೊಪ್ಪಿನಲ್ಲಿ ಏನೋ ಶಕ್ತಿ ಇದ್ದೇ ಇರುತ್ತದೆ ಎನ್ನುತ್ತಾರೆ. ಎಕಂಬಾದಲ್ಲಿ ನಮ್ಮ ಕುರಿ ದೊಡ್ಡಿಯ ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿಯನ್ನು ಒಂದು ಕುರಿಯೂ ಬಾಯಿಗೆ ಹಾಕುವುದಿಲ್ಲ. ಅದಿದ್ದರೆ ಹಾವು ಬರುವುದಿಲ್ಲವೆಂದು ಅತ್ತೆ ಅದನ್ನು ಯಾರಿಗೂ ಕಡಿಯಲು ಬಿಟ್ಟಿಲ್ಲ. ದೊಡ್ಡಿಯೊಳಗೆ ಹಾವು ಹೋದದ್ದನ್ನು ನಾನೇ ಕಣ್ಣಾರೆ ಕಂಡು ಹೇಳಿದಾಗ, "ಬಂತು, ಖರೆ. ಕಚ್ತೇನು?" ಎಂದು ಕೇಳಿದರು. ಅವರ ಜೊತೆ ವಾದ ಮಾಡಿ ಗೆದ್ದವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ಇಂಥವರ ಬೇಲಿಗೆ ಆ ಶ್ರಾವಣದಲ್ಲಿ ಮಹಾಮಾಯಾ ಮೇಡಂ ಬಂದರು. ಬೀದರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಈಶ್ವರಿ ಬಳ್ಳಿಯ ಹೂವು ಕಾಯಿ ಕಟ್ಟುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು, ಅದಕ್ಕಾಗಿ ಔರಾದದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಸುತ್ತಲಿನ ಊರುಗಳಲ್ಲಿ ಇಷ್ಟು ದೊಡ್ಡ ಬಳ್ಳಿ ಬೇರೆ ಎಲ್ಲೂ ಸಿಗಲಿಲ್ಲವಂತೆ. ಅತ್ತೆ ಅವರ ಹೆಸರು ಕೇಳಿದರು, ಮನೆತನ ಕೇಳಿದರು, ಮನೆಯಲ್ಲಿ ಬುದ್ಧನ ಪೂಜೆಯೆಂಬುದನ್ನು ತಿಳಿದುಕೊಂಡರು. ಆಮೇಲೆ ಚಹಾ ಕೊಟ್ಟರು, ಕಾಗದದ ಕಪ್ಪಿನಲ್ಲಿ. ನಮ್ಮ ಮನೆಯ ಗೋಡೆಯ ಮಾಡದಲ್ಲಿ ಸ್ಟೀಲ್ ಲೋಟಗಳು ಸಾಲಾಗಿ ನಿಂತಿದ್ದವು. ಮೇಡಂ ಒಮ್ಮೆ ಮಾಡದ ಕಡೆ ನೋಡಿ, ಚಹಾ ಕುಡಿದು, ಕಪ್ಪನ್ನು ಮಡಚಿ ತಮ್ಮ ಚೀಲದಲ್ಲೇ ಇಟ್ಟುಕೊಂಡರು. ನನಗೆ ನಾಚಿಕೆಯಾಯಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಬಾಯಿ ಬಿಡದೆ ಇರುವುದರಲ್ಲಿ ನಾನು ಆಗಲೇ ಪಳಗಿದ್ದೆ. ನನ್ನ ಹೆಸರು ಸೋನಾಲಿ. ಭಾಲ್ಕಿ ತಾಲೂಕಿನ ಮೆಹಕರ ನನ್ನ ತವರು. ಭಾಲ್ಕಿಯಲ್ಲಿ ಬಿಎಸ್ಸಿ ಮುಗಿಸಿ, ಬೀದರಿಗೆ ಹೋಗಿ ಬಿಎಡ್ ಮಾಡಿ ಶಾಲೆಯಲ್ಲಿ ಕಲಿಸಬೇಕೆಂದು ಕನಸು ಕಟ್ಟಿಕೊಂಡಿದ್ದಾಗಲೇ ರವಿಕಿರಣನ ಜೊತೆ ಮದುವೆಯಾಯಿತು. ಆತ ಪುಣೆಯ ಹತ್ತಿರ ಒಂದು ಕಾರ್ಖಾನೆಯಲ್ಲಿದ್ದಾನೆ. ಹಬ್ಬಕ್ಕೆ ಬರುತ್ತಾನೆ, ಹಬ್ಬದ ಅಡುಗೆ ಉಂಡು ಹೋಗುತ್ತಾನೆ. ಮಾವ ಹಣಮಂತಪ್ಪ ಕುರಿ ಹೊಡೆದುಕೊಂಡು ವರ್ಷದ ಅರ್ಧ ಭಾಗ ಹೊರಗೇ ಇರುತ್ತಾರೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ.

ಅತ್ತೆ ಕೆಟ್ಟವರಲ್ಲ. ಅದೇ ನನ್ನ ಗೋಳು. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಹೋಗಬಹುದಿತ್ತು. ತಟ್ಟೆಯಲ್ಲಿ ಬಿಸಿ ರೊಟ್ಟಿ ನನಗೆ ಹಾಕಿ ತಂಗಳು ತಾವು ತಿನ್ನುತ್ತಾರೆ. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಾರೆ. ಕಿರಾಣಿ ಅಂಗಡಿಗೆ ಹೊರಟರೆ ಸೆರಗು ಸರಿಮಾಡಿಕೊಂಡು ಹಿಂದೆಯೇ ಬರುತ್ತಾರೆ. ತವರಿಗೆ ಹೋಗಬೇಕೆಂದರೆ, "ಹೋಗೀಯಂತ, ಈ ಮಳಿ ನಿಲ್ಲಲಿ" ಎನ್ನುತ್ತಾರೆ. ಮಳೆ ನಿಂತರೆ ಕಳೆ ತೆಗೆಯುವುದಿರುತ್ತದೆ, ಕಳೆ ಮುಗಿದರೆ ಸುಗ್ಗಿಯ ರಾಶಿ ಇರುತ್ತದೆ. ಆ ಪ್ರೀತಿಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು.

ಅಪ್ಪನಿಗೆ ಒಮ್ಮೆ ಫೋನಿನಲ್ಲಿ ಅಳುತ್ತ ಹೇಳಿದ್ದೆ. "ಗಂಡನ ಮನಿಯವರು ಕಳಸಿದ್ರ ಬಾ, ಓದಸ್ತೇನಿ. ನೀನಾಗಿ ಗಂಟು ಕಟ್ಕೊಂಡು ಬಂದ್ರ ನಿನ್ನ ತಂಗಿ ಮನಿಷಾನ್ನ ಯಾರು ಕೇಳ್ತಾರ?" ಎಂದರು. ಅಪ್ಪನ ಲೆಕ್ಕ ಸರಿಯೇ. ಗಂಡನ ಮನೆ ವಾಪಸ್ ಕಳಿಸಿದ ಮಗಳಿಗೆ ನೌಕರಿ ಬೇಕಾಗುತ್ತದೆ, ಅದಕ್ಕಾಗಿ ಓದಿಸುತ್ತಾರೆ. ಗಂಡನ ಮನೆಯಲ್ಲಿರುವ ಮಗಳಿಗೆ ಓದು ಯಾಕೆ? ಅಂದಿನಿಂದ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ, ಇವರೇ ನನ್ನನ್ನು ಕಳಿಸಲಿ ಎಂದು.

ಮೇಡಂ ತಮ್ಮ ಕೆಲಸ ಶುರುಮಾಡಿದರು. ಔರಾದದ ದರ್ಜಿ ರಶೀದ ಅಹ್ಮದರ ಹತ್ತಿರ ತೆಳುವಾದ ಬಿಳಿ ಜಾಲರಿ ಬಟ್ಟೆಯ ಪುಟ್ಟ ಚೀಲಗಳನ್ನು ಹೊಲಿಸಿ ತಂದು, ಅರಳದ ಮೊಗ್ಗುಗಳಿಗೆ ತೊಡಿಸಿ ದಾರ ಕಟ್ಟಿದರು. ಹೊಲಕ್ಕೆ ಹೊರಟ ಪಕ್ಕದ ಮನೆಯ ಶಾಲುಬಾಯಿ ಅದನ್ನು ಕಂಡು ನಿಂತರು.

"ಈಶ್ವರಿಗಿ ಹರಕಿ ಕಟ್ಯಾರಲ್ಲ. ಯಾರದ್ದು ಹರಕಿ?"

"ಹರಕಿ ಅಲ್ರಿ," ಎಂದರು ಮೇಡಂ. "ಒಳಗ ನೊಣ ಹೋಗಬಾರದಂತ ಚೀಲ ಹಾಕೀನಿ. ನೊಣ ಇಲ್ದೆ ಕಾಯಿ ಕಟ್ತದೋ ಇಲ್ಲೋ ನೋಡಬೇಕು."

"ಅದೇ ಅಂದ್ನಲ್ರಿ. ಕಾಯಿ ಕಟ್ತದೋ ಇಲ್ಲೋ ನೋಡಾಕ ಕಟ್ಟೀರಿ."

ಮರುದಿನ ಬಳ್ಳಿಯಲ್ಲಿ ಶಾಲುಬಾಯಿಯ ಹಸಿರು ಕುಬಸದ ಬಟ್ಟೆಯ ಚೀಲ ತೂಗುತ್ತಿತ್ತು. ಅದು ಕಟ್ಟಿದ್ದು ಆಗಲೇ ಅರಳಿ, ನೊಣ ಬಂದು ಹೋಗಿದ್ದ ಹೂವಿಗೆ. ಹಾಗಾಗಿ ಕಾಯಿ ಕಟ್ಟಿತು. ಅತ್ತ ಅವರ ಸೊಸೆಗೆ ವಾಂತಿ ಶುರುವಾಯಿತು. ಶ್ರಾವಣಕ್ಕೆ ಮೊದಲೇ ಆಕೆ ಹುಣಸೆಹಣ್ಣು ಬೇಡುತ್ತಿದ್ದದ್ದು ನನಗೆ ಗೊತ್ತಿತ್ತು. ಆದರೆ ಊರು ಅಂಥ ವಿಷಯ ನೆನಪಿಟ್ಟುಕೊಳ್ಳುವುದಿಲ್ಲ. ಕೆಲವೇ ದಿನಗಳಲ್ಲಿ ಅದು ತಲೆತಲಾಂತರದ ಶಾಸ್ತ್ರವಾಯಿತು. ಈಶ್ವರಿಯ ಹೂವಿಗೆ ಚೀಲ ಕಟ್ಟಬೇಕು, ಕಾಯಿ ಕಟ್ಟಿದರೆ ಮನೆಯಲ್ಲಿ ತೊಟ್ಟಿಲು, ಹೂವು ಉದುರಿದರೆ ದೇವಿ ಒಲ್ಲೆ ಅಂದಳೆಂದು ಅರ್ಥ. ಔರಾದದಲ್ಲಿ ರಶೀದ ಅಹ್ಮದರು ಚೀಲಕ್ಕೆ ಜರಿ ಅಂಚು ಹಚ್ಚಿ ಹೊಲಿಯತೊಡಗಿದರು. ಮೇಡಂ ತಮ್ಮ ಚೀಲ ಯಾವುದು, ಹರಕೆಯ ಚೀಲ ಯಾವುದೆಂದು ಹುಡುಕುತ್ತ ಬೇಲಿಯ ತುಂಬ ತಿರುಗುತ್ತಿದ್ದರು.

ನನಗೆ ಮಕ್ಕಳಿಲ್ಲ. ಬೀದರಿನ ಒಬ್ಬ ಡಾಕ್ಟರಮ್ಮ ನನ್ನನ್ನು ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. "ನನಗೇನಾಗ್ಯಾದ?" ಎಂದು ನಕ್ಕು ರವಿಕಿರಣ ಪುಣೆಯ ಬಸ್ಸು ಹತ್ತಿದ. ಹಾಗಾಗಿ ಒಂದು ಸಂಜೆ ಶಾಲುಬಾಯಿ ನಮ್ಮ ಕಟ್ಟೆಯ ಮೇಲೆ ಕೂತು, ನಾಕು ಮಂದಿ ಹೆಂಗಸರ ಎದುರಿಗೆ, "ಕಾಂತಾ, ನೀನು ಯಾವಾಗ ಕಟ್ತಿ? ಇಲ್ಲಾ ಮಗಗ ಬ್ಯಾರೆ ನೋಡು," ಎಂದರು. ಅತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಕಟ್ತೇನಿ," ಎಂದರು. "ಕಾಯಿ ಕಟ್ಟಿದ್ರ ಈಕಿ ನನ್ನ ಸೊಸಿ, ಮುಂದ ಯಾರೂ ತುಟಿ ಬಿಚ್ಚಬಾರದು. ಹೂ ಉದರಿದ್ರ ಮೆಹಕರಕ ಕಳಸ್ತೇನಿ. ಆಯ್ತಿಲ್ಲ?"

ಒಳಗೆ ಜೋಳ ಬೀಸುತ್ತಿದ್ದ ನನ್ನ ಕೈ ನಿಂತಿತು. ಎಲ್ಲರೂ ನಾನು ಹೆದರಿದೆನೆಂದು ತಿಳಿದರು. ನನ್ನ ಎದೆ ಬಡಿದುಕೊಳ್ಳುತ್ತಿದ್ದದ್ದು ಸಂತೋಷಕ್ಕೆ.

ಯಾಕೆಂದರೆ ಮೊನ್ನೆಯಷ್ಟೇ ಮೇಡಂ ನನಗೆ ಆ ಹೂವಿನ ಒಳಗನ್ನು ತೋರಿಸಿದ್ದರು. ಅತ್ತೆ ದೊಡ್ಡಿಯ ಬಾಗಿಲಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದರು. ಮೇಡಂ ಒಂದು ಹೂವು ಕಿತ್ತರು. ತಿಳಿಹಸಿರು ಬಣ್ಣ, ಬುಡದಲ್ಲಿ ಉಬ್ಬಿದ ಹೊಟ್ಟೆ, ಅದರ ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ಕಂದು ನೇರಳೆ ತುಟಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಕೊಳವೆಯ ತುಂಬ ಬಿಳಿ ರೋಮ, ಎಲ್ಲದರ ಮುಖವೂ ಒಳಗೆ. ಹೊಟ್ಟೆಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ನೊಣಗಳು ಸುತ್ತುತ್ತಿದ್ದವು.

"ವಾಸನಿಗಿ ಮೋಸ ಹೋಗಿ ಒಳಗ ಇಳೀತಾವ," ಎಂದರು ಮೇಡಂ. "ಇಳಿಯಾಕ ರೋಮ ಅಡ್ಡ ಬರಂಗಿಲ್ಲ. ಹೊರಗ ಬರಾಕ ಹೋದ್ರ ಚುಚ್ತಾವ. ಮೊದಲ ದಿನ ಹೂ ಹೆಣ್ಣು. ಬ್ಯಾರೆ ಹೂವಿನ ಪರಾಗ ನೊಣದ ಮೈಮ್ಯಾಲ ಇದ್ರ ತಗೋತದ. ತನ್ನ ಪರಾಗ ಆಗ ಇನ್ನೂ ಬಿಚ್ಚಿರಂಗಿಲ್ಲ. ಮರುದಿನ ಹೂ ಗಂಡಾಗತದ. ಪರಾಗ ಬಿಚ್ಚಿ ನೊಣದ ಮ್ಯಾಲ ಬೀಳತದ. ಆಮ್ಯಾಲ ರೋಮ ಬಾಡ್ತಾವ."

"ಬಾಡಿದ್ರ?"

"ಬಾಗಿಲು ತೆರೀತು. ನೊಣ ಹೋತು."

"ಅದು ತಾನಾಗೇ ಏನೂ ಮಾಡೂದು ಬ್ಯಾಡೇನ್ರಿ?"

"ಏನ್ ಮಾಡ್ತದ ಪಾಪ? ಕಾಯತದ."

ಅದು ನನಗೆ ಬಹಳ ಹಿಡಿಸಿತು. ಹೊರಬಿದ್ದ ನೊಣ ಮತ್ತೊಂದು ಹೂವಿಗೆ ಹೋಗಿ ಮತ್ತೆ ಸಿಕ್ಕಿಬೀಳುತ್ತದೆ, ಅದಕ್ಕೆ ನೆನಪಿಲ್ಲ, ನೆನಪಿದ್ದಿದ್ದರೆ ಈ ಬಳ್ಳಿ ಎಂದೋ ನಾಶವಾಗುತ್ತಿತ್ತು ಎಂದೂ ಮೇಡಂ ಹೇಳಿದರು. ಆ ಭಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಗ್ಗಿನಲ್ಲೇ ಚೀಲ ಕಟ್ಟಿದ ಒಂದು ಹೂವೂ ಇದುವರೆಗೆ ಕಾಯಿ ಕಟ್ಟಿಲ್ಲ, ಎಲ್ಲ ಉದುರಿವೆ ಎಂದದ್ದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ.

ಆದ್ದರಿಂದ ಅತ್ತೆ ಮಿಂದು, ಹೊಸ ಚೀಲ ಹಿಡಿದು ಬಳ್ಳಿಯ ಮುಂದೆ ನಿಂತಾಗ ನಾನೇ ಬೆರಳು ಮಾಡಿ ತೋರಿಸಿದೆ. "ಅರಳಿದ್ದು ಬ್ಯಾಡ್ರಿ ಅತ್ತಿ. ಅದಕ್ಕ ಮಂದಿ ದೃಷ್ಟಿ ತಾಕಿರ್ತದ. ಈ ಎಳೀ ಮೊಗ್ಗು ನೋಡ್ರಿ, ಯಾರೂ ಕಂಡಿಲ್ಲ."

ಅತ್ತೆ ಮೊಗ್ಗನ್ನು ನೋಡಿದರು, ನನ್ನನ್ನು ನೋಡಿದರು. "ಭಾಳ ಭಕ್ತಿ ಬಂತು ನಿನಗ," ಎಂದು ಚೀಲ ತೊಡಿಸಿದರು. ಅರಿಶಿನದ ದಾರದಿಂದ ಗಂಟಿನ ಮೇಲೆ ಗಂಟು ಹಾಕಿದರು. ನಾನು ಕೈ ಮುಗಿದು ನಿಂತು, ಉದುರಿಬಿಡು ತಾಯಿ ಎಂದು ಬೇಡಿಕೊಂಡೆ. ಊರಿನ ಹೆಂಗಸರೆಲ್ಲ ಬೇಡುವುದರ ತಿರುವು ಮುರುವು ಬೇಡುತ್ತ ನಿಂತಿದ್ದ ನನ್ನನ್ನು ದೇವಿ ಏನೆಂದುಕೊಂಡಳೋ.

ಆಮೇಲಿನ ದಿನಗಳು ಜೀವ ಹಿಂಡಿದವು. ಅತ್ತೆ ಹಿಂಜುವ ಉಣ್ಣೆಯನ್ನು ಬಳ್ಳಿಯ ಹತ್ತಿರವೇ ತಂದು ಕೂತರು. ಬೆಳಿಗ್ಗೆ ಎದ್ದವಳೇ ನಾನು ಕಸ ಚೆಲ್ಲುವ ನೆಪದಲ್ಲಿ ಚೀಲ ನೋಡಿ ಬರುತ್ತಿದ್ದೆ. ಮೊಗ್ಗು ಉದ್ದವಾಗುತ್ತಿತ್ತು. ಬೀದರಿನಲ್ಲಿ ಬಿಎಡ್ ಪ್ರವೇಶ ನಡೆಯುತ್ತಿತ್ತು. ದೀಪಾವಳಿಯ ನಂತರ ಹೋದರೆ ಇನ್ನೊಂದು ವರ್ಷ ಕಾಯಬೇಕು. ಹೂವು ಬೇಗ ಅರಳಿ ಬೇಗ ಬೀಳಲಿ ಎಂದು ನನಗೆ ಆತುರ. ಮನಸ್ಸಿನಲ್ಲೇ ನಾನು ಸೀರೆ ಮಡಚಿ ಇಡುತ್ತಿದ್ದೆ.

ಮೇಡಂಗೆ ಶಾಲುಬಾಯಿ ಎಲ್ಲ ಹೇಳಿಬಿಟ್ಟಿದ್ದರು. ಒಂದು ದಿನ ಅವರು ಬಳ್ಳಿಯ ಹತ್ತಿರ ನನ್ನ ಕೈ ಹಿಡಿದು, "ನನ್ನ ಚೀಲದಿಂದ ನಿನಗ ಇದು ಬಂತು. ಮೊಗ್ಗಿಗಿ ಕಟ್ಯಾರ, ಕಾಯಿ ಹ್ಯಾಂಗ ಆಗ್ತದ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಬಿಡ್ರಿ, ಅದು ಬೀಳಲಿ, ನನಗೆ ಅದೇ ಬೇಕು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಕೂಗಳತೆಯಲ್ಲಿ ಅತ್ತೆ ಕೂತಿದ್ದರು. ನನಗೆ ಅಳು ಬಂತು. ಮೇಡಂ ಆ ಅಳುವಿಗೆ ತಮಗೆ ತಿಳಿದ ಅರ್ಥ ಮಾಡಿಕೊಂಡರು.

ಅದರ ಮರುದಿನವೇ ಮನಿಷಾಳನ್ನು ನೋಡಲು ಗಂಡಿನವರು ಬರುತ್ತಾರೆಂದು ಅಪ್ಪನ ಫೋನು ಬಂತು. ಮಳೆ, ಕಳೆ, ರಾಶಿ ಎಂದು ಯಾವ ನೆಪವನ್ನೂ ತೆಗೆಯದೆ ಅತ್ತೆ ತಕ್ಷಣ ಕಳಿಸಿಕೊಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಮೆಹಕರದಲ್ಲಿ ಅಪ್ಪನ ಹಳೆಯ ಟ್ರಂಕಿನಿಂದ ನನ್ನ ಪದವಿಯ ಪುಸ್ತಕ ತೆಗೆದು ಧೂಳು ಒರೆಸಿದೆ. "ಯಾಕ, ಏನ್ ವಿಚಾರ?" ಎಂದು ಮನಿಷಾ ಕೇಳಿದಳು. "ಸುಮ್ನ," ಎಂದೆ. ಹೂವು ಅರಳುವ ದಿನ ನಾನು ಅಲ್ಲಿರಲಿಲ್ಲ. ಬಾಡಿ ಬಿದ್ದ ಹೂವಿನ ಸುದ್ದಿ ಫೋನಿನಲ್ಲಿ ಬರುತ್ತದೆಂದು ಕಾದೆ. ಬರಲಿಲ್ಲ. ಗಂಡಿನವರು ಒಪ್ಪಿ ಹೋದ ಮೇಲೆ ನಾನೇ ಹೊರಟು ಎಕಂಬಾಕ್ಕೆ ಬಂದೆ.

ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ಬೇಲಿಗೆ ಹೋದೆ. ಚೀಲ ಅಲ್ಲೇ ಇತ್ತು, ಒಳಗೆ ಬಾಡಿದ ಹೂವು ಬಿದ್ದಿತ್ತು. ಆದರೆ ತೊಟ್ಟು ಬಿದ್ದಿರಲಿಲ್ಲ. ತೊಟ್ಟಿನ ತುದಿಯಲ್ಲಿ ಹಸಿರು ಕಾಯಿ ಊದಿಕೊಂಡಿತ್ತು. ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೇಡಂ ತಮ್ಮ ಚೀಲಗಳನ್ನು ಬಿಚ್ಚುತ್ತಿದ್ದವರು ಓಡಿ ಬಂದರು. ಮುಖದ ತುಂಬ ನಗು. ದನಿ ಇಳಿಸಿ, "ನಾನೇ ಮಾಡೀನಿ," ಎಂದರು. "ಬ್ಯಾರೆ ಹೂವಿನ ಪರಾಗ ತಂದು, ಇದರ ಹೊಟ್ಟಿ ಪಕ್ಕದಾಗ ಜರಾ ಸೀಳಿ, ಒಳಗ ಹಚ್ಚೀನಿ. ಈಗ ನಿನ್ನ ಯಾರೂ ಕಳಸಂಗಿಲ್ಲ."

ನಾನು ಅವರ ಮುಖವನ್ನೇ ನೋಡಿದೆ. ಇಷ್ಟು ಒಳ್ಳೆಯವರ ಮೇಲೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ನನ್ನ ಒಂದು ಮಾತು ಕೇಳಬೇಕಿತ್ತಲ್ರಿ ಅಕ್ಕಾ," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಬಿಎಡ್, ಅಪ್ಪನ ಮಾತು, ಎಳೆಯ ಮೊಗ್ಗು ತೋರಿಸಿದ್ದು, ತಿರುವು ಮುರುವಾದ ನನ್ನ ಬೇಡಿಕೆ, ಎಲ್ಲ. ಹೇಳುತ್ತ ಹೋದಂತೆ ಅವರ ನಗು ಇಂಗಿ ಹೋಯಿತು.

"ನನಗ ನಿಮ್ಮ ಅತ್ತಿಯವರೇ ಕೇಳಿದ್ರು," ಎಂದರು. "ನೀ ಮೆಹಕರಕ ಹೋದ ಮ್ಯಾಲ ಒಳಗ ಕರದು ಕೂಡಿಸಿದ್ರು. ಅವತ್ತು ಹೂ ಸೀಳಿ ತೋರಿಸಿದ್ನಲ್ಲ, ಎಲ್ಲಾ ಕೇಳಸ್ಕೊಂಡಾರ. ನೊಣ ಮಾಡೂ ಕೆಲಸ ನೀ ಮಾಡ್ತಿಯೇನವ್ವಾ ಅಂದ್ರು. ಅತ್ತುಬಿಟ್ರು. ಸ್ಟೀಲ್ ಲೋಟದಾಗ ಚಹಾ ಕೊಟ್ರು." ಬಿಚ್ಚಿದ ಚೀಲ ಮಡಚುತ್ತ, "ಆ ಲೋಟಕ್ಕ ನಾ ಬಿದ್ನೇನೋ," ಎಂದರು. ಅವರ ಮುಖದಲ್ಲಿ ನಾಚಿಕೆ ಕಂಡು ನನ್ನ ಸಿಟ್ಟು ಇಳಿಯಿತು.

ಒಳಗೆ ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಎದುರಿಗೆ ನಿಂತೆ. ತವರಿನಿಂದ ತಂದ ಬಟ್ಟೆಬರೆಯ ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ.

"ಅತ್ತಿ, ಹೂ ಉದರ್ಲಿ ಅಂತ ಬೇಡ್ಕೊಂಡಿದ್ದೆ ನಾ."

"ಗೊತ್ತದ," ಎಂದರು ತಲೆ ಎತ್ತದೆ. "ಎಳೀ ಮೊಗ್ಗು ತೋರಿಸಿದಾಗೇ ಗೊತ್ತಾತು. ನಿನ್ನ ಅಷ್ಟು ಭಕ್ತಿ ನಾ ಯಾವಾಗ ಕಂಡಿದ್ದೆ?"

"ಗೊತ್ತಿದ್ದೂ ಹಿಂಗ ಮಾಡೀರಿ?"

"ಸಿಟ್ಟಿಲೆ ಮಂದಿ ಮುಂದ ಮಾತಾಡಿದ್ದೆ. ಆಡಿದ ಮಾತು ನುಂಗಾಕ ಬರ್ತದೇನು? ಹೂ ಉದರಿದ್ರ ಕಳಸಬೇಕಿತ್ತು. ಬಂಜಿ ಅಂತ ಕಳಸಬೇಕಿತ್ತು. ಮಗ ನನ್ನವ, ಅವನ ದವಾಖಾನಿಗಿ ದೂಡಾಕ ನನ್ನಿಂದಾಗಲಿಲ್ಲ. ಆ ಹೆಸರು ನಿನ್ನ ಹಣಿಗಿ ಹ್ಯಾಂಗ ಹಚ್ಲಿ?" ಮೊರದಿಂದ ಒಂದು ಕಲ್ಲು ಆರಿಸಿ ಎಸೆದರು. "ಮತ್ತ ಸುಳ್ಳ್ಯಾಕ ಹೇಳ್ಲಿ, ನಿನ್ನ ಇಟ್ಕೋಬೇಕಂತೇ ಮಾಡೀನಿ. ಈ ಮನ್ಯಾಗ ನನಗ ಯಾರ ಅದಾರ?"

ನನಗೆ ಅವರ ಪಕ್ಕ ಕೂತು ಮೊರ ಇಸಿದುಕೊಳ್ಳಬೇಕೆನಿಸಿತು. ದಿನವೂ ಹಾಗೆಯೇ ಮಾಡುತ್ತಿದ್ದೆ. ಅಂದು ಕೂತಿದ್ದರೆ ನಾನು ಎಂದಿಗೂ ಏಳುತ್ತಿರಲಿಲ್ಲ. ಅದು ನನಗೆ ಖಂಡಿತ ಗೊತ್ತಿತ್ತು, ಅದಕ್ಕೇ ಬಾಗಿಲಿನ ಚೌಕಟ್ಟು ಹಿಡಿದು ನಿಂತೆ.

ಅತ್ತೆ ಮೊದಲ ಸಲ ತಲೆ ಎತ್ತಿದರು. "ದೇವಿ ಹೆಸರಲೆ ಹೋಗಬೇಕಂತ ನೀ ಮಾಡ್ದಿ. ದೇವಿ ಹೆಸರಲೆ ಇಟ್ಕೋಬೇಕಂತ ನಾ ಮಾಡೀನಿ. ಇಬ್ಬರೂ ಕಳ್ಳರೇ. ಇಷ್ಟು ವರ್ಷದಾಗ ಒಂದು ದಿನ, ಅತ್ತಿ ನಾ ಹೋಗ್ತೇನಿ ಅಂತ ಬಾಯಿಬಿಟ್ಟು ಅಂದೀಯೇನು ನೀ?"

ಅಂದಿರಲಿಲ್ಲ. ಅಪ್ಪನಿಗೆ ಹೇಳಿದ್ದೆ, ದೇವಿಗೆ ಹೇಳಿದ್ದೆ, ಹೂವಿಗೆ ಹೇಳಿದ್ದೆ. ಈ ಹೆಂಗಸಿಗೆ ಮಾತ್ರ ಹೇಳಿರಲಿಲ್ಲ. ರೋಮ ತಾನಾಗಿ ಬಾಡಲಿ, ಬಾಗಿಲು ತಾನಾಗಿ ತೆರೆಯಲಿ ಎಂದು ಕಾಯುತ್ತ ಕೂತಿದ್ದೆ. ಅಪ್ಪ ಬಾಗಿಲು ತೆಗೆಯದಿದ್ದರೆ ಎಲ್ಲಿ ಇರುವುದೆಂದೂ ನನಗೆ ಗೊತ್ತಿರಲಿಲ್ಲ. ಮೇಡಂ ಅಂಗಳದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳಗೂ ಬರಲಿಲ್ಲ, ನನ್ನ ಪರವಾಗಿ ಮಾತಾಡಲೂ ಇಲ್ಲ. ಈ ಸಲ ಯಾರೂ ನನ್ನ ಕೆಲಸ ಮಾಡಿಕೊಡಲಿಲ್ಲ.

"ಅತ್ತಿ," ಎಂದೆ. "ನಾ ಬೀದರಕ ಹೋಗ್ತೇನಿ. ಬಿಎಡ್ ಮಾಡ್ತೇನಿ. ನೀವು ಕಳಸ್ಲಿಲ್ಲ. ನಾನೇ ಹೊಂಟೀನಿ."

ಹೊರಗೆ ಬೇಲಿಯ ಕಡೆ ಮಾತು ಕೇಳಿಸಿತು. ಕಾಯಿ ಕಟ್ಟಿದ ಸುದ್ದಿ ಊರಿಗೆ ತಲುಪಿತ್ತು. ಶಾಲುಬಾಯಿ ಮುಂದಾಗಿ ಹೆಂಗಸರು ಆರತಿ ತಟ್ಟೆ, ತೆಂಗಿನಕಾಯಿ ಹಿಡಿದು ಅಂಗಳಕ್ಕೆ ಬರುತ್ತಿದ್ದರು.

ಅತ್ತೆ ಮೊರ ಕೆಳಗಿಟ್ಟರು. ಮಾಡದ ಮೇಲಿನ ಡಬ್ಬಿಯಿಂದ ರೊಟ್ಟಿ ತೆಗೆದು, ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲದೊಳಗೆ ತುರುಕಿದರು. ನನ್ನ ಮುಖ ನೋಡಲಿಲ್ಲ. "ನನ್ನ ಮುಂದ ಅಂದಿದ್ದು ಸುಲಭ," ಎಂದರು. "ಅವರ ಮುಂದ ಅನ್ನು. ಅಂದ್ರ ಹೋಗು, ಅನ್ನಾಕ ಆಗಲಿಲ್ಲಂದ್ರ ಒಳಗ ಬಂದು ಕೂಡು."

ನಾನು ಹೊಸ್ತಿಲು ದಾಟಿದೆ. ಶಾಲುಬಾಯಿ ನಗುತ್ತ ಎದುರಿಗೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಲು ಕೈ ಎತ್ತಿದರು. ಹಿಂದೆ, ಬಾಗಿಲಿನೊಳಗೆ, ಅತ್ತೆ ಉಸಿರು ಹಿಡಿದು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ಅವರು ಯಾವುದಕ್ಕೆ ಕಾಯುತ್ತಿದ್ದರು, ನಾನು ಹೋಗುವುದಕ್ಕೋ, ತಿರುಗಿ ಬರುವುದಕ್ಕೋ, ಇಂದಿಗೂ ತಿಳಿದಿಲ್ಲ. ನಾನು ಶಾಲುಬಾಯಿಯ ಕೈ ಹಿಡಿದು ತಡೆದು, ಎಲ್ಲರಿಗೂ ಕೇಳುವಂತೆ, "ನಾ ಓದಾಕ ಬೀದರಕ ಹೊಂಟೀನಿ. ಯಾರೂ ಕಳಸಿಲ್ಲ, ನಾನೇ ಹೊಂಟೀನಿ," ಎಂದು ಹೇಳಿದೆ.